ಹಿತ್ತಾಳೆ ಬಟ್ಟಲಿನ ಗಂಧ

ಬಸವಾಪಟ್ಟಣದ ಪಕ್ಕದ ನಮ್ಮೂರಿನಿಂದ
ಗುರುವಾರ, 13 ನವೆಂಬರ್ 2025
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಕಂದ ಸಂಧ್ಯಾರಾಣಿಗೆ,

ಅಮ್ಮನ ಆಶೀರ್ವಾದ ಮೊದಲು ತಲುಪಲಿ, ಉಳಿದದ್ದು ಆಮೇಲೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ. ಮಿಕ್ಕದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಮಾತ್ರ ಓದಿಕೊ: ಸೋಮವಾರ ನೀನು ಇಲ್ಲಿಗೆ ಬರಬೇಡ. ದೇವರ ಹೂವು ಕೇಳಿಸಬೇಡ. ಎದೆಯ ಗಂಟನ್ನು ತೆಗೆಯಲು ಡಾಕ್ಟರು ಬುಧವಾರ ಗೊತ್ತು ಮಾಡಿದ್ದಾರಲ್ಲ, ಆ ಬುಧವಾರವೇ ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿಕೊ. ಒಂದು ದಿನವೂ ಮುಂದೂಡಬೇಡ.

ಕಾವ್ಯಶ್ರೀ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮೂರ ಆಶಾ ಕಾರ್ಯಕರ್ತೆ, ನಿನ್ನ ಬಾಣಂತನದಲ್ಲಿ ದಿನಾ ಬಂದು ಪುಟ್ಟಿಯನ್ನು ತೂಗಿ ಹೋಗುತ್ತಿದ್ದಳಲ್ಲ, ಅವಳೇ. ನಾಳೆ ಅವಳು ತವರಿಗೆ, ನಿಮ್ಮ ಜಗಳೂರಿಗೇ ಹೋಗುತ್ತಿದ್ದಾಳೆ. ಸ್ಕೂಲಿಗೇ ಬಂದು ಇದನ್ನು ನಿನ್ನ ಕೈಗೆ ಕೊಡುತ್ತಾಳೆ. ಬಿಪಿ ನೋಡಿಸಿಕೊಂಡು ಬರುತ್ತೇನೆ ಎಂದು ನಿನ್ನ ಚಿಕ್ಕಪ್ಪ ಮಹಾಂತೇಶನಿಗೆ ಹೇಳಿ ಬಂದಿದ್ದೇನೆ. ಅರವತ್ತರ ಹತ್ತಿರ ಬಂದರೂ ಮನೆಯ ಹೊಸ್ತಿಲು ದಾಟಲು ಮೈದುನನಿಗೆ ಕಾರಣ ಹೇಳಬೇಕಾಗಿದೆ ನೋಡು ನನ್ನ ದೊಡ್ಡಸ್ತಿಕೆ.

ಫೋನ್ ಮಾಡಬಾರದಿತ್ತೇ ಎಂದು ನೀನು ಕೇಳುತ್ತೀ. ನನಗೆ ಕಿವಿ ಮಂದವೆಂದು ಅವನು ಸ್ಪೀಕರ್ ಹಾಕಿಕೊಟ್ಟು ಪಕ್ಕದಲ್ಲೇ ಕೂರುತ್ತಾನೆ. ಕಾವ್ಯಶ್ರೀ ತನ್ನ ಫೋನ್ ಕೊಡಲು ಬಂದಳು, ನಾನೇ ಬೇಡವೆಂದೆ. ನೀನು ಅಮ್ಮಾ ಎಂದ ಕೂಡಲೇ ನಾನು ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟುಬಿಡುತ್ತೇನೆ. ಅದಲ್ಲದೆ ನಿಮ್ಮ ಅತ್ತೆ ಕಸ್ತೂರಮ್ಮನವರು ಬಾಯಿಮಾತನ್ನು ನಂಬುವವರಲ್ಲ. ಕಾಗದವಾದರೆ ನನ್ನ ಅಕ್ಷರವಿರುತ್ತದೆ, ಸಹಿ ಇರುತ್ತದೆ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ. ಒಂದನೇ ಕ್ಲಾಸಿನ ಮಕ್ಕಳದನ್ನು ಓದುವ ಟೀಚರಿಗೆ ಇದೇನೂ ಕಷ್ಟವಾಗದು.

ದೀಪಾವಳಿಗೆ ಬಂದಾಗ ಅಡುಗೆಮನೆಯಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? ಬೆಳ್ಳಿ ಬಟ್ಟಲಿನ ಗಂಧ ಗಟ್ಟಿಯಾಗಿದೆ, ಹಿತ್ತಾಳೆ ಬಟ್ಟಲಿನದು ಯಾಕಮ್ಮ ಇಷ್ಟು ನೀರು ಎಂದು. ಕಲ್ಲಿನ ಮೇಲೆ ನೀರು ಹೆಚ್ಚಾಯಿತು ಎಂದು ಏನೋ ಹೇಳಿ ನಿನ್ನನ್ನು ಹೋಳಿಗೆ ಬೇಯಿಸಲು ಕೂರಿಸಿದೆ. ನೀನು ಅಷ್ಟಕ್ಕೆ ಬಿಡದೆ, ಕಾರ್ತಿಕದ ಕಡೇ ಸೋಮವಾರ ನಾನೇ ಬಂದು ಗಂಧ ತೇಯುತ್ತೇನೆ, ಭಕ್ತರೆಲ್ಲ ನೋಡಲಿ ಎಂದು ನಗುತ್ತಾ ಹೇಳಿದೆ. ಹೊರಗೆ ಜಗಲಿಯಲ್ಲಿ ನಿನ್ನ ಚಿಕ್ಕಪ್ಪ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. ಅಂದಿನಿಂದ ನನಗೆ ಊಟ ರುಚಿಸಿಲ್ಲ.

ನಮ್ಮ ವೀರಭದ್ರನ ಹೂವನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ, ಆದರೆ ನೋಡಿದ್ದು ಹೊರಗಿನಿಂದ. ಭಕ್ತರು ಹೊರಗೆ ಕೈಮುಗಿದು ನಿಂತು ಮನಸ್ಸಿನ ಪ್ರಶ್ನೆ ಕೇಳುತ್ತಾರೆ. ಪೂಜಾರಿ ದೇವರ ಎರಡು ಭುಜಕ್ಕೆ ಒಂದೊಂದು ಹೂವನ್ನು ಗಂಧದಲ್ಲಿ ಅಂಟಿಸುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡವೆಂದಾಯಿತು. ಬಲಕ್ಕೆ ಬೆಳ್ಳಿ ಬಟ್ಟಲಿನ ಗಂಧ, ಎಡಕ್ಕೆ ಹಿತ್ತಾಳೆ ಬಟ್ಟಲಿನದು. ಹೆಂಗಸರು ಗರ್ಭಗುಡಿಗೆ ಹೋಗುವಂತಿಲ್ಲ, ಆದರೆ ಆ ಗಂಧ ತೇಯುವುದು ಪೂಜಾರಿ ಮನೆಯ ಹೆಂಗಸೇ. ಒಂದೇ ಸಾಣೆಕಲ್ಲಿನ ಮೇಲೆ ತೇದು ಎರಡಕ್ಕೂ ಸಮನಾಗಿ ತುಂಬಬೇಕು. ಯಾವ ಬಟ್ಟಲಿಗೆ ಒಂದು ಚಮಚ ನೀರು ಬೀಳುತ್ತದೋ ಆ ಕಡೆಯ ಹೂವು ಬೇಗ ಜಾರುತ್ತದೆ. ಇಷ್ಟೇ ಸಂಧ್ಯಾ. ಹೊನ್ನಾಳಿ, ನ್ಯಾಮತಿ ಕಡೆಯಿಂದೆಲ್ಲ ಜನ ಬಸ್ಸು ಹಿಡಿದು ಬಂದು ಕೇಳುವ ಅಪ್ಪಣೆ ಒಂದು ಚಮಚ ನೀರಿನಲ್ಲಿದೆ.

ಇದನ್ನು ಮೊದಲು ಮಾಡಿದವಳು ನಾನು. ಕೂತುಕೊಂಡು ಓದು.

ನಿನ್ನ ಪಿಯುಸಿ ಮುಗಿದ ವರ್ಷ ಅಪ್ಪ ನಿನ್ನನ್ನು ನ್ಯಾಮತಿಯ ಸೋದರತ್ತೆಯ ಮಗನಿಗೆ ಕೊಡಲು ಮಾತು ಕೊಟ್ಟಿದ್ದರು. ಅವನು ಕುಡಿದು ಬಂದು ಹೆತ್ತ ತಾಯಿಯ ಮೇಲೇ ಕೈ ಮಾಡಿದವನು. ನೀನು ಮೂರು ದಿನ ಊಟ ಬಿಟ್ಟು ಮೂಲೆ ಹಿಡಿದು ಕೂತೆ, ಡಿ.ಎಡ್ ಅರ್ಜಿಯನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೆ. ನಿಮ್ಮಪ್ಪ ನಾಗರಾಜಪ್ಪನವರು ಎಂಥವರೆಂದು ನಿನಗೆ ಗೊತ್ತು. ಮೂವತ್ತು ವರ್ಷ ಆ ಗುಡಿಯ ಪೂಜೆ ಮಾಡಿದರು, ಹೂವು ಹೇಳಿದ್ದನ್ನು ಬಿಟ್ಟು ಒಂದು ಮಾತು ಕೂಡಿಸಲಿಲ್ಲ, ಕಳೆಯಲಿಲ್ಲ. ದೇವರು ಬೇಡ ಅಂದ್ರೆ ಬಿಡ್ತೀನಿ ಎಂದರು. ಮಾರನೆಯ ದಿನ ನಾನು ಹಿತ್ತಾಳೆ ಬಟ್ಟಲಿಗೆ ನೀರು ಬೆರೆಸಿದೆ. ಎಡಗಡೆಯ ಹೂವು ಬಿತ್ತು, ನೀನು ಚಿತ್ರದುರ್ಗದ ಹಾಸ್ಟೆಲಿಗೆ ಹೋದೆ. ಆ ಪಾಪಕ್ಕೆ ನಾನು ಇವತ್ತಿಗೂ ಕಣ್ಣೀರು ಹಾಕಿಲ್ಲ, ಸುಳ್ಳು ಯಾಕೆ ಹೇಳಲಿ.

ಆದರೆ ಆ ದಿನ ಬಟ್ಟಲುಗಳನ್ನು ತೊಳೆದವನು ಮಹಾಂತೇಶ. ಹಿತ್ತಲಲ್ಲಿ ನನ್ನ ಎದುರಿಗೆ ನಿಂತು, ಅತ್ತಿಗೆ, ಹಿತ್ತಾಳೆ ಬಟ್ಲು ತೊಳೆಯಾಕೆ ಭಾಳ ಸಲೀಸಾತು ನೋಡ್ರಿ, ಗಂಧ ಅಂಟೇ ಇರ್ಲಿಲ್ಲ ಎಂದ. ನಕ್ಕ. ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ನಿಮ್ಮಪ್ಪನಿಗೆ ಆ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಮಾಘ ಮಾಸದಲ್ಲಿ, ಅಪ್ಪನಿಗೆ ಎದೆನೋವು ಬಂತು. ಹೃದಯದ ನಾಳ ಕಟ್ಟಿದೆ, ಹದಿನೈದು ದಿನದೊಳಗೆ ಆಪರೇಷನ್ ಆಗಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಅವರು ಹೂವು ಕೇಳದೆ ಊರು ಬಿಡುವವರೇ? ಹಾಸಿಗೆ ಹಿಡಿದಿದ್ದರಿಂದ ಅವತ್ತು ಮೊದಲ ಬಾರಿಗೆ ಗರ್ಭಗುಡಿಗೆ ಹೋದವನು ಮಹಾಂತೇಶ. ನಾನು ಎರಡು ಬಟ್ಟಲಿಗೂ ಸಮನಾಗಿ ಗಂಧ ತುಂಬಿ ಅವನ ಕೈಗೆ ಕೊಟ್ಟೆ. ಅವನು ಪರದೆ ಎಳೆಯುವ ಮುಂಚೆ ತೀರ್ಥದ ಚಮಚದಿಂದ ಹಿತ್ತಾಳೆ ಬಟ್ಟಲಿಗೆ ನೀರು ಬಿಡುವುದನ್ನು ಬಾಗಿಲ ಸಂದಿಯಿಂದ ಕಂಡೆ. ಕಂಡೂ ಸುಮ್ಮನಿದ್ದೆ. ಬಾಯಿ ಬಿಟ್ಟರೆ ನಿನ್ನ ಮದುವೆಯ ಹೂವಿನ ಗುಟ್ಟನ್ನು ಅವನು ಬಿಚ್ಚುತ್ತಿದ್ದ. ಎಡಗಡೆಯ ಹೂವು ಬಿತ್ತು. ಅಪ್ಪ ದೇವರಿಗೆ ಕೈಮುಗಿದು, ಡಾಕ್ಟರ ಚೀಟಿಯನ್ನು ಮಡಿಚಿ ಪಂಚಾಂಗದೊಳಗೆ ಇಟ್ಟರು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಅನ್ನಕ್ಕೆ ಮಜ್ಜಿಗೆ ಕಲಸುತ್ತಾ ಕೂತವರು ಹಾಗೆಯೇ ಪಕ್ಕಕ್ಕೆ ಒರಗಿದರು.

ಪೂಜೆ ಮಹಾಂತೇಶನ ಪಾಲಾಯಿತು. ಅಂದಿನಿಂದ ಈ ಹನ್ನೊಂದು ವರ್ಷ ನಾನು ಅವನು ಹೇಳಿದಂತೆ ಗಂಧ ತೇದಿದ್ದೇನೆ. ಯಾವ ಬಟ್ಟಲಿಗೆ ನೀರು ಎಂದು ಬೆಳಿಗ್ಗೆಯೇ ಹೇಳಿಬಿಡುತ್ತಾನೆ. ನಿನ್ನ ಚಿಕ್ಕಮ್ಮ ಹೊನ್ನಾಳಿಯ ತವರಿಗೆ ಹೋದವಳು ಯಾಕೆ ತಿರುಗಿ ಬರಲಿಲ್ಲ ಎಂದು ನೀನು ಕೇಳುತ್ತಿದ್ದೆಯಲ್ಲ, ಅವಳಿಗೂ ಒಂದು ದಿನ ಸಾಣೆಕಲ್ಲಿನ ಮುಂದೆ ಕೂರಲು ಹೇಳಿದ್ದ. ಅವಳು ಬಟ್ಟೆ ಗಂಟು ಕಟ್ಟಿಕೊಂಡು ಹೊರಟಳು. ನನಗೆ ಅಷ್ಟು ಗಟ್ಟಿತನವಿರಲಿಲ್ಲ. ಕಳೆದ ಆಷಾಢದಲ್ಲಿ ಸಾಸ್ವೆಹಳ್ಳಿ ಕಡೆಯ ಒಬ್ಬಾಕೆ ಹೊಟ್ಟೆನೋವಿನ ಗಂಡನನ್ನು ಆಸ್ಪತ್ರೆಗೆ ಸೇರಿಸಲೇ ಎಂದು ಕೇಳಲು ಬಂದಿದ್ದಳು. ಸುಮ್ಮನೆ ಎಲ್ಲರಿಗೂ ಹೋಗಿ ಅಂದ್ರೆ ದೇವರಿಗೇನು ಬೆಲೆ ಅತ್ತಿಗೆ ಎಂದು ಅವನು ಅವತ್ತು ಎಡಕ್ಕೆ ಹೇಳಿದ. ಆ ಗಂಡಸು ಉಳಿಯಲಿಲ್ಲ. ಹಾಗೆ ತೀರಿಕೊಂಡದ್ದನ್ನೂ ಜನ ದೇವರ ಇಚ್ಛೆ ಎಂದುಕೊಂಡರು. ಆಕೆ ಆಮೇಲೂ ಒಮ್ಮೆ ಹಣ್ಣುಕಾಯಿ ತಂದು ನನ್ನ ಕಾಲಿಗೆ ಬಿದ್ದು ಹೋದಳು.

ಇನ್ನು ನಿನ್ನ ಮಾತು. ಹೋದ ಶುಕ್ರವಾರ ನಿಮ್ಮ ಅತ್ತೆ ಫೋನ್ ಮಾಡಿ, ಸೊಸೆಗೆ ಕತ್ತರಿ ಹಾಕಿಸುವ ಮುಂಚೆ ತವರಿನ ದೇವರನ್ನು ಕೇಳೋಣ, ಕಡೇ ಸೋಮವಾರ ಬರುತ್ತೇವೆ ಎಂದರಂತೆ. ನಿನ್ನ ಗಂಡ ಒಳ್ಳೆಯವರೇ, ಆದರೆ ಅಮ್ಮನ ಮಾತು ಮೀರುವವರಲ್ಲ. ಫೋನ್ ಇಟ್ಟವನೇ ಮಹಾಂತೇಶ ಅಡುಗೆಮನೆಗೆ ಬಂದ. ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಅತ್ತಿಗೆ, ಸೋಮವಾರದ ಗಂಧ ನೀವೇ ತೇಯ್ರಿ, ಹಿತ್ತಾಳೆ ಬಟ್ಲಿಗೆ ನೀರು ಇರ್ಲಿ ಎಂದ. ನನಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. ಅವಳು ನಿನ್ನ ಅಣ್ಣನ ಮಗಳು ಕಣೋ, ಎತ್ತಿ ಆಡಿಸಿದ್ದೀಯ ಎಂದೆ. ಅದಕ್ಕೆ ಅವನು, ಹುಡುಗಿಗೆ ಬಾಯಿ ಜಾಸ್ತಿ ಆಗೈತೆ, ಟೀಚರಮ್ಮನೇ ಹೂವಿನ ಮಾತು ಕೇಳಿ ಆಪರೇಷನ್ ಬಿಟ್ಲು ಅಂದ್ರೆ ಇನ್ಯಾರು ಮಾತಾಡಾಕೆ ಬರ್ತಾರೆ, ಆಮೇಲಿಂದು ದೇವರು ನೋಡ್ಕಂತಾನೆ ಎಂದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಸಂತೆಗೆ ಏನು ತರಬೇಕು ಎಂದು ಹೇಳುವ ಧ್ವನಿಯಲ್ಲಿ ಹೇಳಿದ.

ಮಧ್ಯಾಹ್ನ ಹನ್ನೆರಡೂವರೆ

ಮೇಲಿನ ಸಾಲು ಬರೆಯುತ್ತಿದ್ದಾಗ ಹೊರಗೆ ಚಪ್ಪಲಿ ಸದ್ದಾಯಿತು. ಅವನ ಚಪ್ಪಲಿ ಎಳೆದು ನಡೆಯುವ ಸದ್ದು ನನ್ನ ಮಂದ ಕಿವಿಗೂ ಗೊತ್ತಾಗುತ್ತದೆ. ಕಾವ್ಯಶ್ರೀ ಹಾಳೆಗಳನ್ನು ಮಕ್ಕಳ ತೂಕದ ಯಂತ್ರದ ಕೆಳಗೆ ತಳ್ಳಿ ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಬಿಪಿ ನೋಡಾಕೆ ಇಷ್ಟೊತ್ತು ಬೇಕಾ ಎನ್ನುತ್ತಾ ಬಾಗಿಲಲ್ಲೇ ನಿಂತ. ಮೆಷಿನ್ ನೂರ ಎಂಬತ್ತು ತೋರಿಸಿತು, ಕಾವ್ಯಶ್ರೀ ನಿಜವಾಗಿಯೂ ಗಾಬರಿಯಾದಳು. ಯಾಕೆ ಇಷ್ಟು ಏರೈತೆ ಅತ್ತಿಗೆ, ಯಾತಕ್ಕೆ ಹೆದರ್ಕಂಡೀರಿ ಎಂದು ಕೇಳಿದ. ಉಪ್ಪಿನಕಾಯಿ ಜಾಸ್ತಿ ತಿಂದೆ ಎಂದೆ. ಅವನ ಕಣ್ಣು ನನ್ನ ಬೆರಳಿನ ಮೇಲಿತ್ತು, ಬೆರಳಿಗೆ ನೀಲಿ ಮಸಿ ಹತ್ತಿತ್ತು. ಸೆರಗಿನೊಳಗೆ ಕೈ ಎಳೆದುಕೊಂಡೆ. ಹೋಗುವಾಗ ಒಂದು ಮಾತು ಹೇಳಿದ: ಮನೆಗೆ ಬರೋವಾಗ ಬಾವಿ ಕಡೆಯಿಂದ ಬರಬ್ಯಾಡ್ರಿ, ಕಟ್ಟೆ ಕಲ್ಲು ಸಡಿಲ ಆಗೈತೆ, ನಿಮಗೂ ವಯಸ್ಸಾತು.

ಆ ಕಲ್ಲು ನಿನ್ನೆಯವರೆಗೆ ಸಡಿಲವಾಗಿರಲಿಲ್ಲ. ನಾನು ದಿನಾ ಅಲ್ಲೇ ಕೊಡ ಇಡುತ್ತೇನೆ.

ಹೆದರಿಕೆ ಎಂದರೆ ಏನೆಂದು ಇಷ್ಟು ವರ್ಷ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಸಿಕ್ಕಿಬೀಳುತ್ತೇನೆ, ಮರ್ಯಾದೆ ಹೋಗುತ್ತದೆ ಎಂಬುದಷ್ಟೇ ಆಗ ನನ್ನ ಹೆದರಿಕೆ. ಈಗ ನೀನು ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಆ ಗುಡಿಯ ಮುಂದೆ ಕಣ್ಣುಮುಚ್ಚಿ ನಿಂತಂತೆ ಹಗಲಿಡೀ ಕಾಣಿಸುತ್ತದೆ. ನಾನೊಬ್ಬಳು ಗಂಧವನ್ನು ಸಮನಾಗಿ ತೇದರೂ ಪರದೆಯ ಒಳಗೆ ಇರುವವನು ಅವನು. ಆದ್ದರಿಂದ ಬರಬೇಡ ತಾಯಿ. ಪುಟ್ಟಿಗೆ ಇನ್ನೂ ನಾಲ್ಕು ವರ್ಷ.

ಇದನ್ನು ನಿಮ್ಮ ಅತ್ತೆಗೆ ಓದಿಸು. ಅವರು ಸಿಟ್ಟು ಮಾಡಿದರೆ ಮಾಡಲಿ, ಇಂಥ ಮನೆಯಿಂದ ಹೆಣ್ಣು ತಂದೆವಲ್ಲ ಎಂದರೆ ಅನ್ನಲಿ. ಆದರೆ ಅವನನ್ನು ಕೇಳಿ ನೋಡುತ್ತೇವೆ, ಆಣೆ ಮಾಡಿಸುತ್ತೇವೆ ಎಂದು ಇಲ್ಲಿಗೆ ಬರುವುದು ಮಾತ್ರ ಬೇಡ. ಕಾಗದ ಸಾಕು. ಇನ್ನೊಂದು ಮಾತು: ಸೋಮವಾರದೊಳಗೆ ಅಮ್ಮ ಬಿದ್ದಳು, ಅಮ್ಮನಿಗೆ ಏನೋ ಆಯಿತು ಎಂದು ಇಲ್ಲಿಂದ ಫೋನ್ ಬಂದರೂ ಹೊರಡಬೇಡ. ಸುದ್ದಿ ನಿಜವಾಗಿದ್ದರೂ ಹೊರಡಬೇಡ. ಆಪರೇಷನ್ ಮುಗಿದ ಮೇಲೆ ಅಳಲು ಬೇಕಾದಷ್ಟು ದಿನವಿದೆ.

ಪುಟ್ಟಿಗೆ ನನ್ನ ಮುತ್ತು. ಚಳಿ ಶುರುವಾಗಿದೆ, ಬೆಳಿಗ್ಗೆ ಅವಳ ಕಿವಿ ಮುಚ್ಚಿ ಸ್ಕೂಲಿಗೆ ಕಳಿಸು.

ನಿನ್ನ ಒಳಿತನ್ನೇ ಬಯಸುವ
ಅಮ್ಮ, ಸಿದ್ದಲಿಂಗಮ್ಮ

ತಾ.ಕ.: ಮರೆತ ಮಾತನ್ನು ಇಲ್ಲಿ ಬರೆಯುತ್ತಾರೆ. ಇದು ಮರೆತದ್ದಲ್ಲ.

ಕಾವ್ಯಶ್ರೀಗೂ ಒಮ್ಮೆ ಓದಿಸಿ ಕಾಗದ ಮಡಿಚಿ ಕೊಟ್ಟಿದ್ದೆ. ಅವಳು ಅದನ್ನು ಚೀಲಕ್ಕೆ ಹಾಕುತ್ತಾ, ಅಮ್ಮಾ, ನಿಮ್ಮ ಬೀಗರು ಇದನ್ನ ಹಿಡ್ಕಂಡು ಸೀದಾ ಗುಡಿಗೇ ಬಂದು ನಿಮ್ಮ ಮೈದುನನಿಗೆ, ನಿಮ್ಮ ಅಣ್ಣನ ಹೂವಿಗೆ ನೀರು ಬಿಟ್ಟಿಲ್ಲ ಅಂತ ದೀಪ ಮುಟ್ಟಿ ಹೇಳಪ್ಪ ಅಂದ್ರೆ ಹೆಂಗೆ ಎಂದು ಕೇಳಿದಳು. ಅವಳು ನಿಜ ಗೊತ್ತಿಲ್ಲದೆ ಕೇಳಿದ್ದು. ನಾನು ಕಾಗದವನ್ನು ಹಿಂದಕ್ಕೆ ಇಸಿದುಕೊಂಡು ಇನ್ನೊಂದು ಹಾಳೆ ಕೇಳಿದೆ. ನಂದಾದೀಪ ಮುಟ್ಟಿ ಸುಳ್ಳಾಡಿದರೆ ಕೈ ಬಿದ್ದುಹೋಗುತ್ತದೆ ಎಂದು ನಂಬುವವರು ಕಸ್ತೂರಮ್ಮ. ಅವರು ಖಂಡಿತ ಕೇಳುತ್ತಾರೆ. ಮಹಾಂತೇಶ ಖಂಡಿತ ಮುಟ್ಟುತ್ತಾನೆ, ಅವನ ಕೈ ನಡುಗುವುದೂ ಇಲ್ಲ. ಆಮೇಲೆ ಅವರು ನನ್ನನ್ನು ಸುಳ್ಳಿ ಎಂದು ಬಿಟ್ಟು, ನಿನ್ನನ್ನು ಹೂವಿನ ಮುಂದೆ ನಿಲ್ಲಿಸುತ್ತಾರೆ.

ಅವನ ಕೈ ಯಾಕೆ ನಡುಗುವುದಿಲ್ಲ ಎಂದರೆ, ಆ ದಿನ ನೀರು ಬಿಟ್ಟವನು ಅವನಲ್ಲ.

ನಿಮ್ಮಪ್ಪನಿಗೆ ಗೊತ್ತಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಾಯಿಲೆ ಬೀಳುವ ಮುಂಚೆಯೇ ಮಹಾಂತೇಶ ಎಲ್ಲ ಹೇಳಿದ್ದ. ಅಪ್ಪ ನನ್ನನ್ನು ಬೈಯಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೂರಿಸಿಕೊಂಡು, ದಾವಣಗೆರೆಯಿಂದ ಬಂದ ಮ್ಯಾಲೆ ಊರವರ ಮುಂದೆ ತಪ್ಪು ಒಪ್ಕಂತೀನಿ, ಹುಡುಗೀನ ಹಾಸ್ಟೆಲಿಂದ ಕರ್ಕಂಡು ಬಂದು ಅಕ್ಕನಿಗೆ ಕೊಟ್ಟ ಮಾತು ಉಳಿಸ್ತೀನಿ ಎಂದರು. ನಿನ್ನ ಪರೀಕ್ಷೆಗೆ ಆರು ವಾರ ಇತ್ತು. ನ್ಯಾಮತಿಯವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಹನ್ನೊಂದು ವರ್ಷದಿಂದ ಯಾರಿಗೂ ಹೇಳಿಲ್ಲ: ನನ್ನ ಹೂವಿನ ಗಂಧ ನೀನೇ ತೇಯಿ ಸಿದ್ದಿ, ಒಂದ್ಸಲ ತಪ್ಪು ಮಾಡಿದ ಕೈ ಇನ್ನೊಂದ್ಸಲ ಮಾಡಲ್ಲ.

ಆ ಕೈ ಮಾಡಿತು. ಸಾಯಲಿ ಎಂದು ಮಾಡಲಿಲ್ಲ ಸಂಧ್ಯಾ. ಆರು ವಾರ ತಡವಾಗಲಿ, ನಿನ್ನ ಪರೀಕ್ಷೆ ಮುಗಿದು ಕೈಗೊಂದು ಸರ್ಟಿಫಿಕೇಟ್ ಬರಲಿ, ಆಮೇಲೆ ಇನ್ನೊಮ್ಮೆ ಹೂವು ಕೇಳಿಸಿ ಬಲಕ್ಕೆ ಬೀಳಿಸುತ್ತೇನೆ ಎಂದುಕೊಂಡಿದ್ದೆ. ಹದಿನೈದು ದಿನ ಎನ್ನುವುದು ಡಾಕ್ಟರುಗಳ ಅವಸರದ ಮಾತು ಎಂದುಕೊಂಡಿದ್ದೆ. ಬಾಗಿಲ ಸಂದಿಯಿಂದ ನೋಡಿದವಳು ನಾನಲ್ಲ. ನನ್ನ ಕೈಯಿಂದ ಹಿತ್ತಾಳೆ ಬಟ್ಟಲು ತೆಗೆದುಕೊಳ್ಳುವಾಗ ಅವನು ಅದನ್ನು ಓರೆ ಮಾಡಿ ನೋಡಿದ, ನನ್ನ ಮುಖ ನೋಡಿದ, ಅದನ್ನೇ ಒಳಗೆ ಒಯ್ದು ಹೂವು ಅಂಟಿಸಿದ.

ಅವನು ದೀಪ ಮುಟ್ಟಿ ನಾನು ನೀರು ಬಿಟ್ಟಿಲ್ಲ ಎಂದರೆ ಅದು ನಿಜ. ಕಸ್ತೂರಮ್ಮನವರಿಗೆ ಹೇಳು: ನಾಗರಾಜಪ್ಪನವರ ಹೂವಿಗೆ ನೀರು ಬಿಟ್ಟವಳು ಅವರ ಹೆಂಡತಿ, ಬೇಕಾದರೆ ಅವಳೇ ದೀಪ ಮುಟ್ಟುತ್ತಾಳೆ. ಈ ಕೊನೆಯ ಹಾಳೆಯನ್ನು ಮೊದಲು ಓದಿಸು. ನನ್ನನ್ನು ಇನ್ನು ಅಮ್ಮ ಎನ್ನುವುದು ಬಿಡುವುದು ನಿನಗೆ ಸೇರಿದ್ದು, ಅದನ್ನು ಆಸ್ಪತ್ರೆಯಿಂದ ಬಂದ ಮೇಲೆ ಯೋಚಿಸು. ಬುಧವಾರ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿರುತ್ತಾರೆ, ಬೆಳಿಗ್ಗೆ ಕಾಫಿಯನ್ನೂ ಕುಡಿಯಬೇಡ.